ವೇಲಂಕಾಡು ಹಾಲ್ಟಿನ ಹದಿನೈದು ದಿನ

ಕೊಯಮತ್ತೂರಿನಿಂದ ಹೊರಟಿದ್ದು

ದಾವಣಗೆರೆಯವಳಾದ ನನಗೆ ಬೆಣ್ಣೆಯ ವಿಷಯದಲ್ಲಿ ಸ್ವಲ್ಪ ಜಂಬವಿದೆ. ಕೊಯಮತ್ತೂರಿಗೆ ಬಂದ ಮೂರನೆಯ ದಿನ ನನ್ನ ತಂಗಿಯ ಮಗಳು ಸ್ಮಿತಾ, "ದೊಡ್ಡಮ್ಮ, ಇಲ್ಲಿ ಊತ್ತುಕುಳಿ ಬೆಣ್ಣೆ ಅಂದ್ರೆ ತುಂಬಾ ಫೇಮಸ್ಸು ಗೊತ್ತಾ?" ಎಂದಾಗ ನನಗೆ ಸುಮ್ಮನಿರಲು ಆಗಲಿಲ್ಲ. ಯಾವ ಬೆಣ್ಣೆ ಅದು, ನೋಡಿಯೇ ಬಿಡೋಣ ಎಂದು ಎದ್ದೆ. ಸ್ಮಿತಾ ಇಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಊರಿಗೆ ಬಂದು ನಾಲ್ಕು ವರ್ಷವಾದರೂ ರೈಲು ನಿಲ್ದಾಣಕ್ಕೆ ಹೋಗಿದ್ದು ನನ್ನನ್ನು ಕರೆದುಕೊಂಡು ಬರಲು ಮಾತ್ರ. ಕಾರು ಮಾಡಿಕೊಡುತ್ತೇನೆ ಎಂದಳು. ನಾನು ಪ್ಯಾಸೆಂಜರ್ ಗಾಡಿಯಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದೆ.

ಹಟಕ್ಕೆ ಕಾರಣವಿತ್ತು. ಮೂವತ್ತೊಂದು ವರ್ಷ ನಾನು ರೈಲಿನ ಲೆಕ್ಕ ನೋಡುವ ಕಚೇರಿಯೊಂದರಲ್ಲಿ ಕೆಲಸ ಮಾಡಿದವಳು. ಯಾವ ನಿಲ್ದಾಣಕ್ಕೆ ತನ್ನ ಖರ್ಚು ತಾನೇ ಹುಟ್ಟುತ್ತದೆ, ಯಾವುದಕ್ಕೆ ಹುಟ್ಟುವುದಿಲ್ಲ ಎಂದು ನೋಡಿ ಟಿಪ್ಪಣಿ ಬರೆಯುವುದು ನನ್ನ ಕೆಲಸವಾಗಿತ್ತು. ಓಡುತ್ತಿರುವ ಗಾಡಿಯನ್ನು ತಡೆದು ನಿಲ್ಲಿಸಿ ಮತ್ತೆ ಓಡಿಸುವುದೆಂದರೆ ಪುಕ್ಕಟೆ ಕೆಲಸವಲ್ಲ. ಇಂಧನ ಬೇಕು, ಸಮಯ ಹೋಗುತ್ತದೆ, ಹಿಂದೆ ಬರುವ ಗಾಡಿಗೂ ತಡವಾಗುತ್ತದೆ. ಇಷ್ಟೆಲ್ಲ ಮಾಡಿ ನಾಲ್ಕು ಜನ ಹತ್ತುವುದಾದರೆ ಯಾಕೆ ನಿಲ್ಲಿಸಬೇಕು? ಈ ಪ್ರಶ್ನೆಗೆ ನಾನು ಬಹಳ ಅಚ್ಚುಕಟ್ಟಾಗಿ ಉತ್ತರ ಬರೆಯುತ್ತಿದ್ದೆ. ಆದರೆ ನಾನು ಬರೆದ ಒಂದು ನಿಲ್ದಾಣದಲ್ಲೂ ಇಳಿದು ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ ಪರರಾಜ್ಯದಲ್ಲಾದರೂ ಆ ಕೊರತೆ ತೀರಿಸಿಕೊಳ್ಳೋಣ ಎನ್ನಿಸಿತ್ತು.

ಇರುಗೂರಿನಲ್ಲಿ

ಇರುಗೂರಿನಲ್ಲಿ ನಮ್ಮ ಗಾಡಿಯನ್ನು ಪಕ್ಕದ ಹಳಿಗೆ ತಳ್ಳಿ ನಿಲ್ಲಿಸಿದರು. ಒಂದು ಎಕ್ಸ್‌ಪ್ರೆಸ್ ಹೋಯಿತು. ಹೋಯಿತಲ್ಲ, ಇನ್ನು ಹೊರಡುತ್ತದೆ ಎಂದುಕೊಂಡರೆ ಇನ್ನೊಂದು ಹೋಯಿತು. ಆಮೇಲೆ ಒಂದು ಗೂಡ್ಸ್ ಗಾಡಿಯೂ ಗತ್ತಿನಿಂದ ಹೋಯಿತು. ಸಿಮೆಂಟಿಗೆ ಇರುವ ಅವಸರ ಮನುಷ್ಯರಿಗೆ ಇರಬಾರದು ಎಂಬುದು ನಮ್ಮ ಕಚೇರಿಯ ಕಾಲದಿಂದಲೂ ನಡೆದುಬಂದ ಪದ್ಧತಿ. ಪ್ಯಾಸೆಂಜರ್ ಗಾಡಿಯವರ ಸಮಯವನ್ನು ತುಂಬಲು ನಮ್ಮ ಫಾರಂನಲ್ಲಿ ಜಾಗವೇ ಇರಲಿಲ್ಲ.

ಜನ ಮಾತ್ರ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಎದುರಿಗೆ ಕುಳಿತ ಹೆಂಗಸು ನನ್ನನ್ನು ಒಂದು ಮಾತೂ ಕೇಳದೆ ನನ್ನ ಚೀಲವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ನನ್ನ ಪಕ್ಕ ಖಾಲಿಯಾದ ಜಾಗದಲ್ಲಿ ಒಬ್ಬ ಮುದುಕನನ್ನು ಕೂರಿಸಿದಳು. ನಮ್ಮ ಕಡೆಯಾದರೆ ಇಷ್ಟು ಹೊತ್ತಿಗೆ ಒಂದು ಜಗಳ ಆಗಿ ಮುಗಿದಿರುತ್ತಿತ್ತು. ಇಲ್ಲಿ ಮಾತಿಗೊಮ್ಮೆ ಕೊನೆಯಲ್ಲಿ ಒಂದು 'ಂಗ' ಸೇರಿಸಿ ಮರ್ಯಾದೆ ಕೊಡುತ್ತಾರೆ. ಮರ್ಯಾದೆ ಕೊಟ್ಟು ಚೀಲ ಎತ್ತಿಕೊಂಡರೆ ಏನು ಹೇಳಲು ಬರುತ್ತದೆ?

ವೇಲಂಕಾಡು ಹಾಲ್ಟ್

ತಿರುಪ್ಪೂರು ದಾಟಿ ಸ್ವಲ್ಪ ಹೊತ್ತಿಗೆ ಗಾಡಿ ನಿಂತಿತು. ಊತ್ತುಕುಳಿ ಬಂತೆಂದು ಇಳಿದೆ. ಗಾಡಿ ಹೋದ ಮೇಲೆ ನೋಡಿದರೆ ಎದುರಿಗೆ ಇದ್ದದ್ದು ಮಣ್ಣಿನ ಪ್ಲಾಟ್‌ಫಾರಂ, ಒಂದು ಬೇವಿನ ಮರ, ಸಿಮೆಂಟ್ ಶೀಟಿನ ಒಂದು ಗೂಡು. ಗೂಡಿನ ಕಿಟಕಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ನನ್ನ ಮುರುಕಲು ತಮಿಳನ್ನು ಎರಡು ವಾಕ್ಯ ಸಹಿಸಿಕೊಂಡು, "ನೀವು ಕನ್ನಡಮಾ? ಮೊದ್ಲೇ ಯೋಳ್ಬಾರ್ದಾಂಗ! ಇದು ವೇಲಂಕಾಡು. ಊತ್ತುಕುಳಿ ಮುಂದ್ಲದು. ಇನ್ ಸಾಯಂಕಾಲಂ ತನಕ ವಂಡಿ ಇಲ್ಲ, ಬನ್ನೀಂಗ, ಒಳಗ್ ಕೂತ್ಕಳಿ" ಎಂದಳು.

ಅವಳ ಹೆಸರು ತುಳಸಮ್ಮ. ಐವತ್ತು ದಾಟಿರಬೇಕು. ಊರಿನ ಹೆಚ್ಚಿನ ಮನೆಗಳವರಂತೆ ಅವಳ ಮನೆತನದವರೂ ಎಷ್ಟೋ ತಲೆಮಾರಿನ ಹಿಂದೆ ಬಂದು ಇಲ್ಲಿ ಬೇಸಾಯ ಹಿಡಿದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮಾತ್ರ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಹಾಲ್ಟಿನಲ್ಲಿ ರೈಲಿನ ನೌಕರರು ಇರುವುದಿಲ್ಲ. ಊರಿನವರೊಬ್ಬರು ಕಮಿಷನ್ ಮೇಲೆ ಟಿಕೆಟ್ ಮಾರುತ್ತಾರೆ. ತುಳಸಮ್ಮ ಆ ಕೆಲಸವನ್ನು ಹನ್ನೆರಡು ವರ್ಷದಿಂದ ಮಾಡುತ್ತಿದ್ದಳು. ಪ್ಲಾಟ್‌ಫಾರಂ ಗುಡಿಸುವುದು, ಬೇವಿನ ಮರಕ್ಕೆ ನೀರು ಹಾಕುವುದು, ಮುದುಕರನ್ನು ಕೈಹಿಡಿದು ಹತ್ತಿಸುವುದು ಯಾವ ಒಪ್ಪಂದದಲ್ಲೂ ಇಲ್ಲ. ಆದರೂ ಮಾಡುತ್ತಿದ್ದಳು.

ಆ ದಿನ ನನ್ನ ಕಣ್ಣೆದುರಿಗೆ ಅವಳು ಮಾರಿದ್ದು ಐದೇ ಟಿಕೆಟ್. ಅಭ್ಯಾಸಬಲ ನೋಡಿ, ನನ್ನ ತಲೆಯೊಳಗೆ ಆಗಲೇ ಟಿಪ್ಪಣಿ ಸಿದ್ಧವಾಯಿತು: ಈ ಹಾಲ್ಟಿನ ಅಗತ್ಯ ಕಾಣುವುದಿಲ್ಲ.

ಸಂಜೆ ತಿರುಪ್ಪೂರಿನ ಕಡೆಯಿಂದ ಗಾಡಿ ಬಂತು. ನಿಂತದ್ದು ಒಂದೇ ನಿಮಿಷ. ಆ ಒಂದು ನಿಮಿಷದಲ್ಲಿ ಎಲ್ಲ ಬಾಗಿಲುಗಳಿಂದಲೂ ಹೆಂಗಸರು ಇಳಿದರು, ಇಳಿಯುತ್ತಲೇ ಇದ್ದರು. ಕೈಯಲ್ಲಿ ಊಟದ ಡಬ್ಬಿ, ತಲೆಗೂದಲಿನಲ್ಲಿ ಹತ್ತಿಯ ನವಿರು. ಎಲ್ಲರೂ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಹೊಲಿಯುವವರು, ದಾರ ಕತ್ತರಿಸುವವರು, ತಪ್ಪು ಹುಡುಕುವವರು. ಮಣ್ಣಿನ ಪ್ಲಾಟ್‌ಫಾರಂ ತುಂಬಿಹೋಯಿತು. ನಾನು ಬೆಪ್ಪಾಗಿ ನಿಂತೆ.

"ಇಷ್ಟು ಜನ ಇದ್ದಾರಲ್ಲ, ಇವರ ಟಿಕೆಟ್ಟೆಲ್ಲ ಎಲ್ಲಿ?" ಎಂದು ಕೇಳಿದೆ.

"ಅವ್ರಿಗೆಲ್ಲಾ ಸೀಸನ್ ಅಕ್ಕಾ. ತಿಂಗ್ಳಿಗ್ ಒಂದ್ಸಲ ತಿರುಪ್ಪೂರ್‌ನಲ್ಲಿ ತಕ್ಕಂತಾರೆ. ಸೀಸನ್ ಕೊಡಕ್ಕೆ ನಂಗೆ ಅಧಿಕಾರಂ ಇಲ್ಲ."

ಹೌದು, ಇಲ್ಲ. ಹಾಲ್ಟಿನವರು ತಿಂಗಳ ಪಾಸು ಕೊಡುವಂತಿಲ್ಲ. ಪಾಸು ಕೊಟ್ಟ ನಿಲ್ದಾಣಕ್ಕೇ ಅದರ ಲೆಕ್ಕ ಸೇರುತ್ತದೆ. ಈ ನಿಯಮ ನನಗೆ ಬಾಯಿಪಾಠ. ಹೊಸದಾಗಿ ಸೇರಿದವರಿಗೆ ನಾನೇ ಹೇಳಿಕೊಡುತ್ತಿದ್ದೆ. ಪ್ರತಿದಿನ ಹತ್ತಿ ಇಳಿಯುವ ಇಷ್ಟು ಹೆಂಗಸರು ಕಾಗದದಲ್ಲಿ ವೇಲಂಕಾಡಿನವರೇ ಅಲ್ಲ, ತಿರುಪ್ಪೂರಿನವರು. ಇದನ್ನು ಗೊತ್ತಿದ್ದೂ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಆ ಸಂಜೆ ಕೊಯಮತ್ತೂರಿಗೆ ವಾಪಸು ಹೋಗುವ ಗಾಡಿ ಬಂದಾಗ ನಾನು ಹತ್ತಲಿಲ್ಲ.

ತುಳಸಮ್ಮನ ಮನೆ

ತುಳಸಮ್ಮನ ಮಗಳು ಮಲ್ಲಿಕಾ ಕೂಡ ಆ ಗಾಡಿಯಿಂದಲೇ ಇಳಿದಿದ್ದಳು. ಗಂಡನಿಗೆ ಪಲ್ಲಡಂನ ಪವರ್‌ಲೂಮಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾನೆ. ಮಲ್ಲಿಕಾ ತಾಯಿಯ ಮನೆಯಲ್ಲಿದ್ದುಕೊಂಡು ತಿರುಪ್ಪೂರಿಗೆ ಹೋಗಿಬರುತ್ತಾಳೆ. ಅವಳಿಗೆ ಹತ್ತು ತಿಂಗಳ ಹೆಣ್ಣುಮಗು. ಅಂಗಳಕ್ಕೆ ಕಾಲಿಟ್ಟವಳೇ ಡಬ್ಬಿ ಎಸೆದು, ಕೈಕಾಲು ತೊಳೆದು, ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆಯೇ ನನ್ನನ್ನು ನೋಡಿ ನಕ್ಕಿದ್ದು. ಬೆಳಿಗ್ಗೆ ಏಳಕ್ಕೆ ಕುಡಿಸಿ ಹೋದರೆ ಮತ್ತೆ ಕುಡಿಸುವುದು ಸಂಜೆ ಆರೂವರೆಗೆ. ಮಗುವಿಗೂ ಗಾಡಿಯ ಸದ್ದು ಗೊತ್ತು, ಕೇಳಿದ ಕೂಡಲೇ ಬಾಗಿಲ ಕಡೆ ಅಂಬೆಗಾಲಿಡುತ್ತದೆ.

"ವ್ಯಾನು ಬರಲ್ವಾ ಕಂಪನಿಯದು?" ಎಂದೆ.

"ವ್ಯಾನು ಬತ್ತದೆ. ವ್ಯಾನಿನಲ್ ಓದ್ರೆ ಒಂದೂವರೆ ಶಿಫ್ಟು ಮಾಡ್ಲೇಬೇಕು. ಅದು ವಾಪಸ್ ಬರದು ಒಂಬತ್ತೂವರೆಗೆ. ಅಪ್ಪುರಂ ಆ ಕಂಪನಿ ಬಿಟ್ಟು ಬೇರೆ ಕಂಪನಿಗ್ ಓಗಂಗಿಲ್ಲ. ವಂಡೀಲಿ ಓದ್ರೆ ನಾನ್ ಯಾರ್ ಅತ್ರ ಬೇಕಾದ್ರೂ ಕೆಲ್ಸ ಕೇಳ್ಬೋದು. ಒಂದು ಶಿಫ್ಟಿಗೆ ಎದ್ದು ಬರ್ಬೋದು."

ಮೂವತ್ತೊಂದು ವರ್ಷ ನಾನು ಓದಿದ ಯಾವ ವರದಿಯೂ ರೈಲಿನ ಪ್ರಯೋಜನವನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಅದೇ ಹೊತ್ತಿಗೆ ತುಳಸಮ್ಮ ರೈಲಿನ ಕಚೇರಿಯಿಂದ ಬಂದ ಒಂದು ಕಾಗದ ತಂದು ಕೊಟ್ಟಳು. ಹಿಂದಿ, ಇಂಗ್ಲಿಷ್ ಎರಡರಲ್ಲೂ ಇತ್ತು. ಹಾಗಾಗಿ ತಾಯಿ ಮಗಳಿಬ್ಬರೂ ಪೂರ್ತಿ ಓದಿರಲಿಲ್ಲ. ನನಗೆ ಓದುವ ಅಗತ್ಯವೇ ಇರಲಿಲ್ಲ, ಕಾಗದದ ಬಣ್ಣ ನೋಡಿಯೇ ಗೊತ್ತಾಯಿತು. ಬರುವ ಸೋಮವಾರದಿಂದ ಹದಿನೈದು ದಿನ ಇಲ್ಲಿ ಮಾರಾಟವಾಗುವ ಟಿಕೆಟ್ಟುಗಳನ್ನು ನೋಡಿ, ಗಾಡಿ ಇಲ್ಲಿ ನಿಲ್ಲಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ಓದಿ ಹೇಳಿದೆ. ಮಲ್ಲಿಕಾ ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸಿದಳು.

"ನಿಲ್ಸ್‌ಬುಟ್ರೆ ಇವ್ಳ್ ಗತಿ?" ಎಂದು ಮಗುವನ್ನು ನೋಡಿದಳು.

ನಾನು ಅಲ್ಲೇ ಟೊಂಕ ಕಟ್ಟಿ ನಿಂತೆ. "ನಾನು ಇದೇ ಕೆಲಸ ಮಾಡಿ ರಿಟೈರ್ ಆದವಳು. ಇದರ ಒಳಗುಟ್ಟು ನನಗೆ ಗೊತ್ತು. ಹದಿನೈದು ದಿನ ನಾನು ಹೇಳಿದಂತೆ ಮಾಡಿ" ಎಂದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಹಾಲಿನ ಸೊಸೈಟಿ

ಮರುದಿನ ಸಂಜೆ ಹಾಲಿನ ಸೊಸೈಟಿಯ ಕಟ್ಟೆಯ ಮೇಲೆ ಊರು ಸೇರಿತು. ನನ್ನ ಉಪಾಯ ಸರಳವಾಗಿತ್ತು. ಕಂಪನಿಗೆ ಹೋಗುವ ಹೆಂಗಸರು ಆ ಹದಿನೈದು ದಿನ ಪಾಸನ್ನು ಮನೆಯಲ್ಲಿಟ್ಟು, ಬೆಳಿಗ್ಗೆ ತುಳಸಮ್ಮನ ಹತ್ತಿರವೇ ಹೋಗಿಬರುವ ಟಿಕೆಟ್ ತೆಗೆದುಕೊಳ್ಳಬೇಕು. ಕೈಯಿಂದ ಹೆಚ್ಚು ಖರ್ಚಾಗುತ್ತದೆ, ಆದರೆ ಇರುವ ಜನ ಕಾಗದದ ಮೇಲೂ ಬರುತ್ತಾರೆ. ಸುಳ್ಳಿಲ್ಲ, ಮೋಸವಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಪ್ಪಿದರು.

ಅಷ್ಟರಲ್ಲಿ ಊರಿನ ಹಿರಿಯರಾದ ರಂಗಸಾಮಿ ಗೌಡರು ಎದ್ದರು. "ಪೊಣ್ಣುಗಳ್ ಮಾತ್ರ ಯಾಕ್ ಕೊಡ್ಬೇಕಂಗ? ವಂಡಿ ಊರಿಗೆ ನಿಲ್ಲದು. ಕಂಪನಿಗ್ ಓಗ್ದಿರೋ ಮನೆಯವ್ರೂ ಕೊಡ್ಲಿ. ಮನೆಗ್ ಒಂದು ಟಿಕೆಟ್ಟು, ದಿನಾ. ಕೆರೆ ವೇಲೆಗೆ ಮನೆಗ್ ಒಂದಾಳು ಬರಂಗೆ."

ಕೆರೆಯ ಹೂಳು ತೆಗೆಯಲು ಮನೆಗೊಂದು ಆಳು ಕೊಡುವುದು ಇಲ್ಲಿಯ ರೂಢಿ. ಬಡವರ ಮನೆಯಾಗಲಿ, ದೊಡ್ಡವರ ಮನೆಯಾಗಲಿ, ಹೆಚ್ಚಿಲ್ಲ ಕಡಿಮೆಯಿಲ್ಲ. ಎಲ್ಲರೂ ಹೌದೌದು ಎಂದರು. ನಮ್ಮ ಕಡೆ ಇಷ್ಟು ಜನ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಬೇಡ ಎನ್ನಬೇಕಾದ ಜಾಗದಲ್ಲಿ ನಾನು ಕಣ್ಣೊರೆಸಿಕೊಳ್ಳುತ್ತಾ ಕುಳಿತೆ.

ಸೋಮವಾರದಿಂದ ಶನಿವಾರ

ಕೊಯಮತ್ತೂರಿಗೆ ಒಂದು ವಾರಕ್ಕೆಂದು ಬಂದವಳು ವೇಲಂಕಾಡಿನಲ್ಲೇ ಉಳಿದೆ. ಸ್ಮಿತಾ ಫೋನ್ ಮಾಡಿ, "ದೊಡ್ಡಮ್ಮ, ಬೆಣ್ಣೆ ಅಷ್ಟು ಚೆನ್ನಾಗಿದೆಯಾ?" ಎಂದು ಛೇಡಿಸಿದಳು. ಬೆಣ್ಣೆಯನ್ನು ನಾನು ಆಗಲೇ ಮರೆತಿದ್ದೆ.

ಬೆಳಿಗ್ಗೆ ಗೂಡಿನ ಮುಂದೆ ಸಾಲು. ತುಳಸಮ್ಮ ರಟ್ಟಿನ ಟಿಕೆಟ್ಟುಗಳ ಮೇಲೆ ತಾರೀಖಿನ ಮೊಹರು ಕುಟ್ಟಿ ಕುಟ್ಟಿ ಕೊಡುತ್ತಿದ್ದಳು. ಟಿಕೆಟ್ ಮುಗಿಯುತ್ತದೆಂದು ಎರಡು ಸಲ ದೊಡ್ಡ ನಿಲ್ದಾಣಕ್ಕೆ ಹೋಗಿ ಹೊಸ ಕಟ್ಟು ತಂದಳು. ಟಿಕೆಟ್ ತೆಗೆದುಕೊಂಡ ಮೇಲೆ ಹತ್ತದಿರುವುದು ಹೇಗೆ ಎಂದು ಕೆಲವು ಮುದುಕರು ನಿಜವಾಗಿಯೂ ತಿರುಪ್ಪೂರಿಗೆ ಹೋಗಿ, ಒಂದು ಟೀ ಕುಡಿದು, ಸಂಜೆಯವರೆಗೆ ಅಲ್ಲಿಯ ಪ್ಲಾಟ್‌ಫಾರಂ ಮೇಲೆ ಕುಳಿತು ಬಂದರು. ರಂಗಸಾಮಿ ಗೌಡರು ಒಂದು ದಿನ ಕುನ್ನತ್ತೂರಿನ ಸಂತೆಗೆ ಹೊರಟವರು, ಅದು ಹಳಿಯ ಮೇಲಿಲ್ಲ ಎಂದು ಗೊತ್ತಿದ್ದೂ ಮೊದಲು ಬಂದು ತಮ್ಮ ಮನೆಯ ಟಿಕೆಟ್ ತೆಗೆದುಕೊಂಡು, ಆಮೇಲೆ ಬಸ್ಸು ಹಿಡಿದರು. ಮಲ್ಲಿಕಾ ಟಿಕೆಟ್ಟನ್ನು ಮಗುವಿನ ಕೈಗೆ ಕೊಟ್ಟು, "ಇದು ನಿಂದು, ಪಾಪಾ" ಎಂದು ನಗುತ್ತಿದ್ದಳು. ನನ್ನ ಜೀವನದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ ಎಂದು ಬೀಗುತ್ತಿದ್ದೆ.

ಭಾನುವಾರ

ಭಾನುವಾರ ಕಂಪನಿಗಳಿಗೆ ರಜೆ. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಾನು ಬೆಳಿಗ್ಗೆ ಎದ್ದು ಹಾಲ್ಟಿನ ಕಡೆ ನಡೆದೆ. ಗೂಡಿನ ಮುಂದೆ ಸಾಲು ಇತ್ತು. ಸೋಮವಾರ ಎಷ್ಟು ಉದ್ದವಿತ್ತೋ ಅಷ್ಟೇ ಉದ್ದ.

ತುಳಸಮ್ಮನ ಹತ್ತಿರ ಹೋಗಿ, ಇಂದು ಯಾಕೆ ಎಂದು ಕೇಳಿದೆ.

"ದಿನಾ ಅಂತ ಮಾತಾಯ್ತಲ್ಲಕ್ಕಾ. ಕಂಪನಿ ಪೊಣ್ಣುಗಳ್ ಕೂಡಾ ಬಂದು ತಕ್ಕಂಡು ಓದ್ರು. ಒಬ್ರೂ ಬುಡ್ಲಿಲ್ಲ" ಎಂದು ಹೆಮ್ಮೆಯಿಂದ ಹೇಳಿದಳು.

ನಿಜವಾದ ಪ್ರಯಾಣಿಕರ ಲೆಕ್ಕ ಏರುತ್ತದೆ, ಇಳಿಯುತ್ತದೆ. ಸೋಮವಾರ ಜಾಸ್ತಿ, ಬುಧವಾರ ಕಡಿಮೆ, ಸಂಬಳದ ಮರುದಿನ ಒಂದು ರೀತಿ, ಮಳೆ ಬಂದರೆ ಇನ್ನೊಂದು ರೀತಿ, ಭಾನುವಾರ ಬಹುಪಾಲು ಖಾಲಿ. ಏಳೂ ದಿನ ಒಂದೇ ಸಮನಾಗಿ ಟಿಕೆಟ್ ಮಾರಾಟವಾಗುವ ಊರು ಈ ಭೂಮಿಯ ಮೇಲೆ ಇಲ್ಲ. ಅಂಥ ಹಾಳೆ ಕೈಗೆ ಬಂದರೆ ನಾವು ಏನು ಮಾಡುತ್ತಿದ್ದೆವು ಎಂದು ನನಗೆ ಗೊತ್ತಿತ್ತು. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, ಇದು ಕೃತಕ ಎಂದು ಬರೆದು, ಹಿಂದಿನ ತಿಂಗಳುಗಳ ಸರಾಸರಿಯನ್ನು ತೆಗೆದುಕೊಳ್ಳುತ್ತಿದ್ದೆವು. ನಾನೂ ಎಳೆದಿದ್ದೇನೆ. ಯಾರೋ ಕಳ್ಳಲೆಕ್ಕ ಕೊಟ್ಟು ನಮ್ಮನ್ನು ಏಮಾರಿಸಲು ನೋಡಿದ್ದಾರೆ ಎಂದು ಸಿಟ್ಟಿನಿಂದಲೇ ಎಳೆದಿದ್ದೇನೆ. ಆ ಗೆರೆಯ ಕೆಳಗೆ ಒಂದು ಹಾಲಿನ ಸೊಸೈಟಿಯ ಕಟ್ಟೆ ಇದ್ದಿರಬಹುದು ಎಂದು ಹೊಳೆದಿರಲಿಲ್ಲ.

ನಾಳೆಯಿಂದ ಮನೆಗೊಂದು ಟಿಕೆಟ್ ನಿಲ್ಲಿಸಿ, ಹೋಗುವವರು ಮಾತ್ರ ತೆಗೆದುಕೊಳ್ಳಲಿ ಎಂದು ರಂಗಸಾಮಿ ಗೌಡರಿಗೆ ಹೇಳಿ ನೋಡಿದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂಥದ್ದೂ ಅಲ್ಲ. "ಇಷ್ಟು ದಿನ ಕೊಟ್ಟು ಈಗ್ ನಿಲ್ಸಿದ್ರೆ ನಾಳೆ ಯಾರೂ ಯಾರನ್ನೂ ನಂಬಲ್ಲಂಗ" ಎಂದರು. ಎಂಟನೆಯ ದಿನ, ಒಂಬತ್ತನೆಯ ದಿನ, ಹದಿನೈದನೆಯ ದಿನ, ಸಾಲು ಒಂದಿಂಚೂ ಚಿಕ್ಕದಾಗಲಿಲ್ಲ. ನಾನು ಪ್ರತಿದಿನ ಅದನ್ನು ನೋಡುತ್ತಾ ನಿಂತೆ.

ಮೇಲಿನ ಕಚೇರಿಗೆ ನಾನೇ ಒಂದು ಅರ್ಜಿ ಬರೆದೆ. ಪಾಸಿನವರ ವಿಷಯ, ಹಾಲ್ಟಿನಲ್ಲಿ ಪಾಸು ಕೊಡದಿರುವ ನಿಯಮ, ಎಲ್ಲವನ್ನೂ ವಿವರಿಸಿದೆ. ನನ್ನ ಜೊತೆ ಕೆಲಸ ಮಾಡಿದ್ದ, ಈಗಲೂ ಸೇವೆಯಲ್ಲಿರುವ ಒಬ್ಬಳಿಗೆ ಫೋನ್ ಮಾಡಿ ಇದಕ್ಕೇನಾದರೂ ದಾರಿ ಇದೆಯೇ ಎಂದು ಕೇಳಿದೆ. "ಮೇಡಂ, ಪಾಸಿನ ಲೆಕ್ಕ ಪಾಸು ಕೊಟ್ಟ ಸ್ಟೇಷನ್ನಿಗೇ ಅಂತ ನಂಗೆ ಹೇಳ್ಕೊಟ್ಟಿದ್ದು ನೀವೇ ಅಲ್ವಾ?" ಎಂದಳು. ವ್ಯಂಗ್ಯವಿರಲಿಲ್ಲ, ಪಾಪ. ಪಾಠ ಮರೆತಿಲ್ಲ ಎಂದು ತೋರಿಸಿದಳು ಅಷ್ಟೇ.

ಮತ್ತೆ ವೇಲಂಕಾಡು

ಕಾಗದ ಬಂದಾಗ ನಾನು ಕೊಯಮತ್ತೂರಿನಲ್ಲಿದ್ದೆ, ಊರಿಗೆ ಹೊರಡುವ ತಯಾರಿಯಲ್ಲಿದ್ದೆ. ತುಳಸಮ್ಮ ಫೋನ್ ಮಾಡಿ, ಓದಿ ಹೇಳಬೇಕು ಎಂದಳು. ಫೋನಿನಲ್ಲೇ ಫೋಟೋ ಕಳಿಸು ಎನ್ನಬಹುದಿತ್ತು. ಆದರೆ ಅಷ್ಟು ಹೇಡಿಯಾಗಲು ಮನಸ್ಸು ಒಪ್ಪಲಿಲ್ಲ. ಶನಿವಾರದ ಗಾಡಿಗೆ ಹೋದೆ.

ಹಾಲ್ಟಿನ ಗೂಡಿನಲ್ಲಿ ಕುಳಿತು ಓದಿದೆ. ಹದಿನೈದು ದಿನದ ಮಾರಾಟ ಸಹಜ ಪ್ರಯಾಣವನ್ನು ತೋರಿಸುವುದಿಲ್ಲ. ವಾರದ ಎಲ್ಲ ದಿನವೂ ಒಂದೇ ಸಮನಾಗಿರುವುದರಿಂದ ಅದನ್ನು ಕೈಬಿಟ್ಟು ಹಿಂದಿನ ಸರಾಸರಿಯನ್ನೇ ಪರಿಗಣಿಸಲಾಗಿದೆ. ಸೋಮವಾರದಿಂದ ಇಲ್ಲಿ ಗಾಡಿ ನಿಲ್ಲುವುದಿಲ್ಲ. ಭಾಷೆ ಅಚ್ಚುಕಟ್ಟಾಗಿತ್ತು. ನಾನು ಬರೆದಿದ್ದರೂ ಒಂದು ಪದ ಬೇರೆ ಇರುತ್ತಿರಲಿಲ್ಲ.

ತುಳಸಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ಪರವಾಯಿಲ್ಲಕ್ಕಾ. ನೀವು ನಮಗೋಸ್ಕರ ಎಷ್ಟು ಓಡಾಡುದ್ರಿ" ಎಂದಳು.

ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಡೆಯಲಾಗದೆ ಹೇಳಿಬಿಟ್ಟೆ. ಮನೆಗೊಂದು ಟಿಕೆಟ್ ಎಂದಾಗ ನಾನು ತಡೆಯಬೇಕಿತ್ತು, ತಡೆಯಲಿಲ್ಲ. ಇಂಥ ಕಾಗದಗಳನ್ನು ಬರೆಯುವುದೇ ನನ್ನ ಕೆಲಸವಾಗಿತ್ತು ಎಂದೆ.

"ಇಂಗೇ ಬರೀತಿದ್ರಾ? ಇದೇ ಕಾಗ್ದ?"

"ಇದೇ."

"ಎಷ್ಟ್ ಊರಿಗೆ?"

ನನಗೆ ನೆನಪಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ. ಊರುಗಳ ಹೆಸರು ನೆನಪಿಟ್ಟುಕೊಳ್ಳಬೇಕಾದ ಕೆಲಸವೇ ಅದಲ್ಲ. ನನ್ನ ಮುಖ ನೋಡಿ ತುಳಸಮ್ಮ ಮತ್ತೆ ಕೇಳಲಿಲ್ಲ. ಗೂಡಿನ ಬೀಗ ಹಾಕಿ, ಊಟ ಮಾಡಿಕೊಂಡು ಹೋಗಿ ಎಂದು ಮನೆಗೆ ಕರೆದುಕೊಂಡು ಹೋದಳು.

ಮಲ್ಲಿಕಾ ಅಂಗಳದಲ್ಲಿ ಒರಳಿನ ಮುಂದೆ ಕುಳಿತಿದ್ದಳು. ಅರ್ಧ ದಿನ ರಜೆ ಹಾಕಿದ್ದಳಂತೆ. ಬೇವಿನ ಎಲೆ ಅರೆಯುತ್ತಿದ್ದಳು. ಯಾರಿಗಾದರೂ ಅಮ್ಮ ಬಂದಿದೆಯೇನೋ ಎಂದುಕೊಂಡು ಯಾತಕ್ಕೆ ಎಂದು ಕೇಳಿದೆ.

"ವಂಡಿ ನಿಲ್ಲಲ್ಲ ಅಂತ ಬೆಳಗ್ಗೆ ತಿರುಪ್ಪೂರ್ ಸ್ಟೇಷನ್‌ನಲ್ಲಿ ನೋಟೀಸ್ ಆಕಿದ್ರು. ಸೋಮವಾರದಿಂದ ವ್ಯಾನು ಅಲ್ವಾ ಅಕ್ಕಾ. ನಾನ್ ಬರೋವಷ್ಟ್ರಲ್ಲಿ ಇವ್ಳು ಮಲ್ಗಿರ್ತಾಳೆ. ಎರಡ್ ದಿನ ಕಷ್ಟ ಪಡ್ಲಿ, ಆಲು ಬುಡಿಸ್‌ಬುಡಣ" ಎಂದಳು.

ಅರೆದ ಹಸಿರನ್ನು ಬೆರಳಲ್ಲಿ ಬಳಿದುಕೊಂಡು ಒಳಗೆ ಹೋಗಿ, ಹಚ್ಚಿಕೊಂಡು ಬಂದು ಗೋಡೆಗೆ ಒರಗಿ ಕುಳಿತಳು. ಮಗು ಅಂಬೆಗಾಲಿಟ್ಟು ಬಂದು ತೊಡೆ ಹತ್ತಿತು. ಬಾಯಿ ಹಾಕಿತು. ಮುಖ ಕಿವುಚಿ, ತಲೆ ಹಿಂದಕ್ಕೆ ಎಳೆದುಕೊಂಡು ತಾಯಿಯ ಮುಖ ನೋಡಿತು. ಅಳಲಿಲ್ಲ. ಏನೋ ತಪ್ಪಾಗಿರಬೇಕು ಎನ್ನುವಂತೆ ಇನ್ನೊಂದು ಸಲ ಬಾಯಿ ಹಾಕಿತು. ಮಲ್ಲಿಕಾ ಅದನ್ನು ತಳ್ಳಲೂ ಇಲ್ಲ, ಎತ್ತಿಕೊಳ್ಳಲೂ ಇಲ್ಲ, ಎರಡು ಕೈಯನ್ನೂ ನೆಲಕ್ಕೆ ಊರಿ ಕುಳಿತಿದ್ದಳು. ಮೂರನೆಯ ಸಲಕ್ಕೆ ಮಗು ಅತ್ತಿತು.